ಒಂದೇ ಸಲ ತಿರುಗುವ ಡೈನೋಸಾರ್

ಸಿದ್ಧಾರ್ಥ್ ಡೈನೋಸಾರನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದ. ಒಳಗೆ ಏನೂ ಗಲಗಲ ಅನ್ನಲಿಲ್ಲ. ಜೇಬಿನಿಂದ ಭೂತಗನ್ನಡಿ ತೆಗೆದು ಹೊಟ್ಟೆಯ ಕೆಳಗಿನ ಸ್ಕ್ರೂಗಳನ್ನು ಒಂದೊಂದಾಗಿ ನೋಡಿದ. ಯಾವುದರ ತಲೆಯೂ ಸವೆದಿರಲಿಲ್ಲ. ಎದೆಯ ಮೇಲಿನ ಸ್ಟಿಕ್ಕರಿನ ಅಂಚು ಕೂಡ ಎದ್ದಿರಲಿಲ್ಲ. ಕುಡುಮಲಕುಂಟೆಯ ಫ್ಯಾಕ್ಟರಿಯೊಂದರಲ್ಲಿ ಬಿಡಿಭಾಗಗಳ ತಪ್ಪು ಹುಡುಕುವುದು ಅವನ ನೌಕರಿ. ಭಾನುವಾರ ಬಂದರೆ ಹಳೆಯ ರೋಬೋಟ್ ಆಟಿಕೆಗಳನ್ನು ಹುಡುಕಿಕೊಂಡು ಹೊರಡುತ್ತಿದ್ದ. ನೋಡಲು ಪ್ರಾಣಿಯೋ ಲಾರಿಯೋ ಆಗಿದ್ದು, ಮಡಿಕೆ ಬಿಡಿಸಿ ತಿರುಗಿಸಿದರೆ ಮನುಷ್ಯನ ಹಾಗೆ ಎದ್ದು ನಿಲ್ಲುವಂಥವು. ಮನೆಯ ಗಾಜಿನ ಬೀರುವಿನಲ್ಲಿ ಈಗಾಗಲೇ ಹದಿನಾಲ್ಕು ಇದ್ದವು.

"ಏನ್ ಡಾಕ್ಟ್ರೇ, ಉಸಿರಿದೆಯಾ?" ಎಂದ ರಮೇಶ್‌ಬಾಬು. ಹೊಸ ಟಿ.ವಿ.ಗೆ ಜಾಗ ಮಾಡಲು ನಡುಮನೆಯ ಶೋಕೇಸ್ ಖಾಲಿ ಮಾಡಿದಾಗ ಅವನಿಗೆ ಇದು ಸಿಕ್ಕಿತ್ತು. ಮಂಚೇನಹಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಸಿದ್ಧಾರ್ಥನನ್ನು ಕಂಡವನೇ, ಬಂದು ನೋಡಿ ಹೇಳು ಎಂದಿದ್ದ.

"ಒರಿಜಿನಲ್ಲೇ ಬಾಬು. ಬಣ್ಣ ಕೂಡ ಹೋಗಿಲ್ಲ. ನೀವು ಇದ್ರಲ್ಲಿ ಜಾಸ್ತಿ ಆಡೇ ಇಲ್ಲ."

"ಹೆಂಗಾಡೋದು? ದುಬೈ ಮಾವ ತಂದ್ಕೊಟ್ಟ, ತಿರುಗಿಸೋದು ಅವನಿಗೂ ಗೊತ್ತಿರಲಿಲ್ಲ. ಡಬ್ಬದ ಮೇಲಿನ ಚಿತ್ರ ನೋಡ್ಕೊಂಡು ಕೆಳಗಿಂದ ನೀನು ಹೇಳ್ತಿದ್ದೆ, ಜಗಲಿ ಮೇಲೆ ಕೂತು ನಾನು ಮಾಡ್ತಿದ್ದೆ. ನೀವು ಊರು ಬಿಟ್ರಿ. ಇದು ಡೈನೋಸಾರಾಗೇ ಉಳ್ಕೊಂತು."

ರಮೇಶ್‌ಬಾಬು ನಕ್ಕ, ಸಿದ್ಧಾರ್ಥನೂ ನಕ್ಕ. ಚಾಪೆಯ ಮೇಲೆ ಕೂತು ನೆನೆಸಿದ ಅವರೆಕಾಳು ಹಿದುಕುತ್ತಿದ್ದ ರಮೇಶ್‌ಬಾಬುವಿನ ತಾಯಿ ಕದಿರಮ್ಮ ನಗಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಸಿದ್ಧಾರ್ಥನ ಅಪ್ಪ ಗಂಗರಾಜು ಇವರ ತೋಟಕ್ಕೆ ಕೆಲಸಕ್ಕೆ ಬರುತ್ತಿದ್ದರು. ಅಪ್ಪನ ಹಿಂದೆ ಬಂದು ಜಗಲಿಯ ಕೆಳಗೆ ನಿಲ್ಲುತ್ತಿದ್ದ ಹುಡುಗನಿಗೆ ಕದಿರಮ್ಮ ದಿನಾ ಹೇಳುತ್ತಿದ್ದದ್ದು ಒಂದೇ ಮಾತು: "ಕಣ್ಣಲ್ಲೇ ನೋಡಪ್ಪ, ಮುಟ್ಟಬೇಡ." ಹುಡುಗ ಕಣ್ಣಲ್ಲೇ ನೋಡಿ, ಕಣ್ಣಲ್ಲೇ ಕಲಿತಿದ್ದ.

ಭೂತಗನ್ನಡಿ ಬಾಲದ ಬುಡಕ್ಕೆ ಬಂದು ನಿಂತಿತು. ಚಿನ್ನದ ಬಣ್ಣದ ಕೀಲಿನ ಮೇಲೆ ಕೂದಲೆಳೆಯಷ್ಟು ಬಿಳಿ ಗೆರೆ.

"ಈ ಚಿನ್ನದ ಬಣ್ಣದ ಪ್ಲಾಸ್ಟಿಕ್ಕು ವಯಸ್ಸಾದಂಗೆ ಬಿಸ್ಕತ್ ಥರ ಆಗ್ಬಿಡುತ್ತೆ ಬಾಬು. ಹಿಂಗೇ ಇಟ್ರೆ ಇನ್ನೂ ಎಷ್ಟೋ ವರ್ಷ ಇರುತ್ತೆ. ತಿರುಗಿಸಿದ್ರೆ ಒಂದ್ ಸಲ, ಅದೂ ನಿಧಾನವಾಗಿ. ಎರಡನೇ ಸಲಕ್ಕೆ ಕೈಗೆ ಪುಡಿ ಬರುತ್ತೆ." ಮನಸ್ಸಿಲ್ಲದಿದ್ದರೂ ಇದನ್ನೂ ಹೇಳಿದ, "ತಿರುಗಿಸದೇ ಇದ್ರೆ ಬೆಂಗಳೂರಲ್ಲಿ ಒಳ್ಳೇ ಬೆಲೆ ಕೊಡೋರಿದ್ದಾರೆ. ನಂಬರ್ ಕೊಡ್ತೀನಿ."

ಬೀರುವಿನ ಹದಿನಾಲ್ಕನ್ನೂ ಅವನು ಕೊಂಡದ್ದು ಇದು ಸಿಕ್ಕದ ಕಾರಣಕ್ಕೆ. ಆ ಒಂದು ಸಲ ತನ್ನ ಕೈಯಲ್ಲಿ ಆಗಬೇಕು, ಅಷ್ಟೇ ಅವನಿಗೆ ಬೇಕಾಗಿದ್ದದ್ದು.

"ನಂಬರ್ ತಗೊಂಡು ನಾನೇನ್ ಮಾಡ್ಲೋ? ಇಲ್ಲಿದ್ರೆ ಗುಜರಿಗೆ ಹೋಗುತ್ತೆ. ನೀನೇ ತಗೊಂಡೋಗು," ಎಂದ ರಮೇಶ್‌ಬಾಬು. ಮಾತಾಡುತ್ತಲೇ ಆಟಿಕೆಯನ್ನು ಸಿದ್ಧಾರ್ಥನ ಕೈಯಿಂದ ತೆಗೆದು, ಕದಿರಮ್ಮನ ಪಕ್ಕ ಕೂತು ಕಾಳು ಹಿದುಕಲು ಕಲಿಯುತ್ತಿದ್ದ ಸಿದ್ಧಾರ್ಥನ ಮಗಳ ಮುಂದೆ ಹಿಡಿದ. "ತಗೋ ಪಾಪ, ಬಸ್ಸಲ್ಲಿ ಆಡ್ಕೊಂಡು ಹೋಗುವಂತೆ."

"ಅಮೃತ, ಮುಟ್ಟಬೇಡ."

ಸಿದ್ಧಾರ್ಥನ ದನಿ ಅವನು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ಏಳು ವರ್ಷದ ಅಮೃತ ಎದ್ದು ನಿಂತಳು. ಎರಡೂ ಕೈ ತಾವಾಗಿ ಬೆನ್ನ ಹಿಂದೆ ಹೋದವು. ಮನೆಯ ಬೀರುವಿನ ಮುಂದೆ ಅವಳು ನಿಲ್ಲುತ್ತಿದ್ದದ್ದೂ ಹಾಗೆಯೇ.

"ಮುಟ್ಟಲ್ಲಪ್ಪ. ಇದೇ ಅಲ್ವಾ, ನೀನು ಯಾವಾಗ್ಲೂ ಹೇಳ್ತೀಯಲ್ಲ ಅದು? ಮೊದ್ಲು ಬಾಲ ಸೀಳಿ ಕಾಲು ಮಾಡೋದು, ಆಮೇಲೆ ಕತ್ತು ಹಿಂದಕ್ಕೆ."

ಕದಿರಮ್ಮನ ಬೆರಳ ಸಂದಿಯಿಂದ ಕಾಳೊಂದು ಜಾರಿ ನೆಲದ ಮೇಲೆ ಉರುಳಿತು. ಆಕೆ ತಲೆ ಎತ್ತಲಿಲ್ಲ. "ನಾನು ಆವತ್ತು ತಿಳೀದೆ ಅಂದೆ ಕಣಪ್ಪ ಸಿದ್ದು," ಎಂದರು. "ನೀನು ಓದ್ದೋನು."

ರಮೇಶ್‌ಬಾಬು ಆಟಿಕೆ ಹಿಡಿದ ಕೈಯನ್ನು ಮುಂದೆ ಚಾಚಬೇಕೋ ಹಿಂದಕ್ಕೆ ಎಳೆಯಬೇಕೋ ತಿಳಿಯದೆ ಹಾಗೇ ನಿಂತಿದ್ದ. ಅದನ್ನು ಸುತ್ತಿಕೊಂಡು ಹೋಗಲು ಸಿದ್ಧಾರ್ಥ್ ಹತ್ತಿಯನ್ನೂ ರಟ್ಟಿನ ಡಬ್ಬವನ್ನೂ ತಂದಿದ್ದ. ಚೀಲದ ಜಿಪ್ ಎಳೆದ. ಅರ್ಧ ಎಳೆದು ಬಿಟ್ಟ. ಡೈನೋಸಾರನ್ನು ತೆಗೆದುಕೊಂಡು ಚಾಪೆಯ ಮೇಲೆ ಮಗಳ ಎದುರಿಗೆ ಕೂತ. ಬೆನ್ನ ಹಿಂದಿದ್ದ ಅವಳ ಕೈಗಳನ್ನು ಒಂದೊಂದಾಗಿ ಮುಂದಕ್ಕೆ ತಂದು, ಅದನ್ನು ಅವುಗಳಲ್ಲಿ ಇಟ್ಟ.

"ಮುರಿದೋದ್ರೆ ಬೈತೀಯಾ?"

"ಇಲ್ಲಮ್ಮ."

"ನಂದಾದ್ಮೇಲೆ ನೀನೂ ಒಂದ್ ಸಲ ಮಾಡು, ಆಯ್ತಾ?"

"ನೀನು ಮಾಡಮ್ಮ," ಎಂದ ಸಿದ್ಧಾರ್ಥ್.

ಬಾಲ ಸೀಳಿತು. ಕೀಲು ಒಣಗಿದ ಎಲೆಯಂತೆ ಸಣ್ಣಗೆ ಸದ್ದು ಮಾಡಿತು, ಆದರೆ ತಡೆದುಕೊಂಡಿತು. ಅಮೃತ ತುಟಿ ಕಚ್ಚಿಕೊಂಡು, ತಡವರಿಸುತ್ತಾ, ಒಂದು ಕಾಲು ಬಿಡಿಸಿದಳು, ಇನ್ನೊಂದು ಬಿಡಿಸಿದಳು, ಕತ್ತನ್ನು ಹಿಂದಕ್ಕೆ ಮಡಚಿದಳು. ಎದುರಿಗೆ ಕೂತ ಸಿದ್ಧಾರ್ಥನ ಬೆರಳುಗಳು, ತನ್ನ ಮಡಿಲಲ್ಲಿ ಏನನ್ನೂ ಹಿಡಿಯದೆ, ಅವಳ ಬೆರಳುಗಳಿಗಿಂತ ಒಂದು ಗಳಿಗೆ ಮೊದಲೇ ತಿರುಗುತ್ತಿದ್ದವು.