ಬಲಗಡೆಯ ಹೂವು

"ಕಂಪ್ಯೂಟರ್ ನಿಮ್ಮನ್ನ ಕೀಮೋ ಗುಂಪಿಗೆ ಹಾಕಿದೆ, ವಿಶಾಲಾಕ್ಷಮ್ಮ," ಎಂದರು ಡಾಕ್ಟರ್. ಮರುಕಳಿಸಿದ ಅಂಡಾಶಯದ ಕ್ಯಾನ್ಸರಿಗೆ ಹೊಸ ಮಾತ್ರೆ ಮೇಲೋ, ಹಳೆಯ ಕೀಮೋ ಮೇಲೋ ಎಂದು ಪರೀಕ್ಷಿಸುವ ಅಧ್ಯಯನವದು; ಯಾರಿಗೆ ಯಾವುದೆಂದು ಚೀಟಿ ಎತ್ತಿದಂತೆ ಕಂಪ್ಯೂಟರೇ ಆರಿಸುತ್ತಿತ್ತು.

ಮಗಳು ಶಿವರಂಜಿನಿಯ ಮುಖ ಕಪ್ಪಿಟ್ಟಿತು. ಮಾತ್ರೆಯೇ ಸಿಗಲೆಂದು ಬೆಳಿಗ್ಗೆ ಕಾಡು ಮಲ್ಲೇಶ್ವರನನ್ನು ಕೇಳಿಕೊಂಡಾಗ ದೇವರ ಬಲಗಡೆಯಿಂದಲೇ ಹೂವು ಬಿದ್ದಿತ್ತು. "ದೇವ್ರು ಹೂಂ ಅಂದಿದ್ದ. ಬೇಡಮ್ಮ, ಇದರಿಂದ ಹೊರಗೆ ಬಂದ್ಬಿಡೋಣ. ಹೋದ್ಸಲ ಕೀಮೋ ನಿನ್ನ ಹಿಂಡಿ ಹಿಪ್ಪೆ ಮಾಡಿತ್ತು."

"ಹಿಪ್ಪೆಯಾದೋಳು ಎದ್ದು ಬರ್ಲಿಲ್ವಾ? ಯಾವುದು ಮೇಲು ಅಂತ ಗೊತ್ತಿದ್ರೆ ಇವರು ಪರೀಕ್ಷೆ ಯಾಕೆ ಮಾಡ್ತಿದ್ರು?"

ವಿಶಾಲಾಕ್ಷಮ್ಮ ಸೆರಗಿನ ಗಂಟು ಬಿಚ್ಚಿ ಆ ಸೇವಂತಿಗೆಯನ್ನು ತೆಗೆದರು. ಅದನ್ನು ಬಲ ಮುಷ್ಟಿಯಲ್ಲಿ ಬಿಗಿಹಿಡಿದು, ನರ ಉಬ್ಬಿದ ಆ ಕೈಯನ್ನು ಸೂಜಿ ಹಿಡಿದಿದ್ದ ನರ್ಸಿನತ್ತ ಚಾಚಿದರು.

"ದೇವ್ರು ಹೂಂ ಅಂದಿದ್ದು ನನಗೆ, ಮಾತ್ರೆಗಲ್ಲ. ಚುಚ್ಚಮ್ಮ."