ಶಶಿಕಲಾಳ ವೀಟೋ

ಶಶಿಕಲಾ ತನ್ನ ವೀಟೋವನ್ನು ಇಷ್ಟು ವರ್ಷ ಜೋಪಾನ ಮಾಡಿದ್ದು ಅಕ್ಕ ಕಸ್ತೂರಿಯ ವಿರುದ್ಧ ಆಡಲಿಕ್ಕೆಂದೇ. ಹದಿನೆಂಟು ತುಂಬಿದವರಿಗೆಲ್ಲ ಸರ್ಕಾರ ಜೀವಮಾನಕ್ಕೊಂದು ವೀಟೋ ಕೊಡುತ್ತಿತ್ತು. ಅಧಿಕಾರಿಯ ಎದುರು ಆ ಮಾತು ಆಡಿದರೆ ಸಾಕು, ಆಗಬೇಕಾದ ಕೆಲಸ ಅಲ್ಲಿಗೇ ನಿಂತುಹೋಗುತ್ತಿತ್ತು. ಕಸ್ತೂರಿ ತನ್ನದನ್ನು ತಂಗಿಯ ಮದುವೆಯ ದಿನವೇ ಆಡಿದ್ದಳು, ವರ ಬೇರೆ ಜಾತಿಯವನೆಂದು. ಆಮೇಲೆ ಶಶಿಕಲಾ ಮದುವೆಯಾಗಲೇ ಇಲ್ಲ.

ಇವತ್ತು ಹುಬ್ಬಳ್ಳಿಯ ನೋಂದಣಿ ಕಚೇರಿಯಲ್ಲಿ ಕಸ್ತೂರಿಯ ಮಗಳು ಸಹನಾಳ ಮದುವೆ. ಕರೆಯದೆ ಬಂದ ತಂಗಿಯನ್ನು ಕಂಡು ಕಸ್ತೂರಿಯ ಮುಖ ಕಪ್ಪಿಟ್ಟಿತು.

"ನಾಚಿಗಿ ಇಲ್ಲೇನ ನಿನಗ? ಹೊರಗ ನಡಿ."

"ನಾ ಯಾಕ ಹೋಗ್ಲಿ?" ಎಂದು ಶಶಿಕಲಾ ಗೋಡೆಗೊರಗಿ ನಿಂತಳು.

"ಯಾರದರ ವೀಟೋ ಐತೇನ್ರಿ?" ಅಧಿಕಾರಿ ಆಕಳಿಸುತ್ತ ಕೇಳಿದ.

ಶಶಿಕಲಾ ಸಹನಾಳ ಬಾಡಿದ ಮುಖ ನೋಡಿದಳು. ಈ ಹುಡುಗಿ ತನಗೇನು ಮಾಡಿದ್ದಾಳೆ? ಹೋಗಿಬಿಡೋಣವೆಂದು ಬಾಗಿಲ ಕಡೆ ನಡೆದಳು. ಪಕ್ಕದಲ್ಲಿ ಹಾಯುವಾಗ ಸಹನಾ ಅವಳ ಸೆರಗು ಹಿಡಿದು, ಯಾರಿಗೂ ಕೇಳದಂತೆ, "ಚಿಗವ್ವ, ಹೇಳಬೇ. ನನಗ ಈ ಮದುವಿ ಬ್ಯಾಡ" ಎಂದಳು. ಹುಡುಗಿಯ ವೀಟೋವನ್ನು ಕಸ್ತೂರಿ ಹೋದ ವರ್ಷವೇ, ಪಕ್ಕದ ಮನೆಯವರು ಮಹಡಿ ಕಟ್ಟದಂತೆ ತಡೆಯಲು ಆಡಿಸಿ ಮುಗಿಸಿದ್ದಳು.

"ವೀಟೋ," ಎಂದಳು ಶಶಿಕಲಾ.

ಅಧಿಕಾರಿ ಮುದ್ರೆ ಒತ್ತಿ ಮುಂದಿನ ಜೋಡಿಯನ್ನು ಕರೆದ. ಕಸ್ತೂರಿ ತಂಗಿಯ ಮುಖಕ್ಕೆ ಉಗುಳಿದಳು.

"ಸೇಡ ತೀರತೇನ ನಿಂದು?"

ಸಹನಾ ಏನೋ ಹೇಳಲು ಮುಂದೆ ಬಂದಳು. ಶಶಿಕಲಾ ಅವಳಿಗೆ ಅಡ್ಡ ನಿಂತು ಮುಖ ಒರೆಸಿಕೊಂಡಳು.

"ಹೂಂ, ತೀರತು," ಎಂದಳು.