ಕಸದ ಚಿತ್ರ

ಪರದೆಯ ಮೇಲಿನ ಚಿತ್ರದಲ್ಲಿ ಬಿರುಕು ಇರಲಿಲ್ಲ. ನಿನ್ನೆ ಸಂಜೆ ಅವಳು ಮನೆಗೆ ಹೊರಡುವಾಗ ಗುಡ್ಡದೊಳಗಿನ ಕಲ್ಲಿನ ಪದರಗಳನ್ನು ಓರೆಯಾಗಿ ಸೀಳಿಕೊಂಡು ನಿಂತಿದ್ದ ಬಿರುಕು ಅದು. ಈಗ ಪದರಗಳು ಇಸ್ತ್ರಿ ಹಾಕಿದ ಬಟ್ಟೆಯ ಹಾಗೆ ಮಲಗಿದ್ದವು. ಅದೇ ಗುಡ್ಡದಲ್ಲಿ ಸುರಂಗ ಕೊರೆಯಲಿದ್ದ ಎಂಜಿನಿಯರುಗಳು ಎದುರು ಕುಳಿತು ತಲೆದೂಗುತ್ತಿದ್ದರು. "ಎಷ್ಟು ಕ್ಲೀನಾಗಿದೆ ನೋಡಿ!" ಎಂದ ಒಬ್ಬ.

ಅವಳು ತನ್ನ ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಚಿತ್ರ ತೆರೆದಳು. ಗುಡ್ಡದ ಒಳಗನ್ನು ಕಾಣಲು ನೆಲ ಬಡಿದು ಹಿಡಿದ ಕಂಪನಗಳಿಂದ ಲಾರಿಯ ಗುಡುಗು, ಗಾಳಿಯ ಸದ್ದುಗಳನ್ನು ಸೋಸಿ ತೆಗೆದ ಮೇಲೆ, ತೆಗೆದ ಆ ಕಸವನ್ನೂ ಒಂದು ಚಿತ್ರವಾಗಿ ಉಳಿಸುವುದು ಅವಳ ವಿಭಾಗದ ಪದ್ಧತಿ. "ಕಸ ಎಸೆಯೋಕೆ ಮುಂಚೆ ಒಂದ್ಸಲ ಕೆದಕಿ ನೋಡಮ್ಮ, ಯಾರದಾದ್ರೂ ಕಿವಿಯೋಲೆ ಬಿದ್ದಿರುತ್ತೆ" ಎಂದು ಕೆಲಸಕ್ಕೆ ಸೇರಿದ ದಿನವೇ ಹೇಳಿಕೊಟ್ಟವರು ವಿಭಾಗದ ಮುಖ್ಯಸ್ಥರು. ಎಲ್ಲರ ಬಾಯಲ್ಲೂ ಅವರು ಮೇಷ್ಟ್ರು. ಕಸವೆಂದರೆ ಚೆಲ್ಲಿದ ಮರಳಿನ ಹಾಗೆ ತಲೆಬುಡ ಇಲ್ಲದೆ ಇರಬೇಕು. ಇಲ್ಲಿ ಅದರ ನಡುವೆ, ಮೇಲಿನಿಂದ ಕೆಳತನಕ, ಬಿರುಕು ಇಡಿಯಾಗಿ ಬಿದ್ದಿತ್ತು.

ಅವಳು ಲ್ಯಾಪ್‌ಟಾಪನ್ನು ಪಕ್ಕದಲ್ಲಿದ್ದ ಮೇಷ್ಟ್ರ ಕಡೆ ತಿರುಗಿಸಿ ಪಿಸುಗುಟ್ಟಿದಳು: "ಸರ್, ಯಾರೋ ಫಿಲ್ಟರ್ ಜಾಸ್ತಿ ಮಾಡಿಬಿಟ್ಟಿದ್ದಾರೆ. ಕಸ ನೋಡೇ ಇಲ್ಲ ಅನ್ಸುತ್ತೆ."

ಅವರು ಜೇಬಿನಿಂದ ಕನ್ನಡಕವನ್ನೂ ತೆಗೆಯಲಿಲ್ಲ. ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿದರು. "ನೋಡಿದೆ ಕಣಮ್ಮ," ಎಂದರು. "ನೋಡಿಯೇ ತೆಗೆದಿದ್ದು."

ವರದಿಯ ಪ್ರತಿಗಳು ಕೈಯಿಂದ ಕೈಗೆ ದಾಟಿ ಬಂದವು. ಅವಳು ಕೊನೆಯ ಪುಟ ತಿರುವಿದಳು. 'ವರದಿ ತಯಾರಿಸಿದವರು' ಎಂಬಲ್ಲಿ, ಯಾವಾಗಲೂ ಮೇಷ್ಟ್ರದೂ ಅವಳದೂ ಹೆಸರು ಇರುತ್ತಿದ್ದ ಜಾಗದಲ್ಲಿ, ಈ ಸಲ ಅವಳೊಬ್ಬಳದೇ ಇತ್ತು.